ಡ್ಯೂಟಿ ಪಟ್ಟಿ ಕೊನೆ ಗಳಿಗೆಯಲ್ಲಿ ಬದಲಾಗುತ್ತದೆ, ವಾರಾಂತ್ಯದ ಭೇಟಿ ಹೇಗೆ ಪ್ಲಾನ್ ಮಾಡುತ್ತೀರಿ?

ಪ್ರಶ್ನೆ

ನನ್ನ ಗಂಡ ಸೇನೆಯಲ್ಲಿದ್ದಾರೆ. ಅವರ ಯೂನಿಟ್ ಇರುವ ಜಾಗಕ್ಕೆ ನಾನಿರುವಲ್ಲಿಂದ ಒಂದು ಇಡೀ ರಾತ್ರಿಯ ಬಸ್ ಪ್ರಯಾಣ. ನನಗೆ ಶನಿವಾರ, ಭಾನುವಾರ ರಜೆ. ಅವರಿಗೂ ಲೆಕ್ಕದಲ್ಲಿ ಹಾಗೇ. ಆದರೆ ಗಾರ್ಡ್ ಡ್ಯೂಟಿ ಪಟ್ಟಿ ಬರುವುದೇ ವಾರದ ಕೊನೆಗೆ. ಬಂದ ಮೇಲೂ ಬದಲಾಗುತ್ತದೆ.

ಹೋದ ಸಲ ನಾನು ಬಸ್ ಹತ್ತಿ ಕೂತ ಮೇಲೆ ಮೆಸೇಜ್ ಬಂತು: "ನಾಳೆ ಬೆಳಿಗ್ಗೆ ಡ್ಯೂಟಿ ಬಿತ್ತು. ಏನ್ ಮಾಡ್ತೀಯಾ?" ಏನು ಮಾಡುವುದು, ಬಸ್ ಹೊರಟಾಗಿತ್ತು. ಅವರು ಕೈಗೆ ಸಿಕ್ಕಿದ್ದು ಸಂಜೆ. ಒಂದು ಬೂಟು ಬಿಚ್ಚಿದ್ದರು, ಇನ್ನೊಂದು ಕಾಲಲ್ಲೇ ಇತ್ತು, ಕೂತಲ್ಲೇ ನಿದ್ದೆ.

ಟಿಕೆಟ್ ಯಾವಾಗ ಮಾಡಿಸುತ್ತೀರಿ? ಅವರು ಬರುವುದು ಒಳ್ಳೆಯದಾ, ನಾವೇ ಹೋಗುವುದಾ?

ಉತ್ತರ 1

ತಂಗಿ, ನಾನು ಇದರಲ್ಲಿ ಹಳಬಳು. "ಈ ವಾರ ಬಿಡುವು ಸಿಗುತ್ತಾ?" ಅಂತ ಕೇಳಲೇಬೇಡಿ. "ಸಿಗಬಹುದು" ಅಂತಲೇ ಉತ್ತರ ಬರುತ್ತದೆ. ಹೋದ ಶನಿವಾರ ಡ್ಯೂಟಿ ಯಾರದಿತ್ತು, ಮುಂದಿನ ಸರದಿ ಯಾರದು ಅಂತ ಕೇಳಿ. ಕಾವಲಿನ ಸರದಿ ಸಾಮಾನ್ಯವಾಗಿ ಸುತ್ತಿಕೊಂಡು ಬರುತ್ತದೆ. ಅವರು ವಾರಾಂತ್ಯದ ಡ್ಯೂಟಿ ಮುಗಿಸಿದ ಮುಂದಿನ ವಾರವೇ ನಿಮಗೆ ಹೆಚ್ಚು ಭರವಸೆಯದ್ದು. ಸಾಲು ರಜೆ ಬಂದರೆ ಎಲ್ಲರೂ ಅರ್ಜಿ ಹಾಕುತ್ತಾರೆ. ಅದರ ಆಸೆ ಬಿಟ್ಟು ಅದರ ಮುಂದಿನ ವಾರ ಕೇಳಿ.

ನೀವೇ ಹೋಗಿ. ಅವರು ಬರುವುದಾದರೆ, ಪಾಸ್ (ಯೂನಿಟ್‌ನಿಂದ ಹೊರಗೆ ಹೋಗಲು ಕೊಡುವ ಅನುಮತಿ) ರದ್ದಾದ ತಕ್ಷಣ ಭೇಟಿಯೇ ಇಲ್ಲ. ನೀವು ಹೋದರೆ ಡ್ಯೂಟಿ ಹಗಲನ್ನು ತಿಂದರೂ ಸಂಜೆ ಉಳಿಯುತ್ತದೆ. ಅಲ್ಲದೆ ಎಷ್ಟೋ ಕಡೆ ವಾರಾಂತ್ಯದ ಬಿಡುವಿಗೆ ದೂರದ ಮಿತಿ ಇರುತ್ತದೆ. ಅದನ್ನು ದಾಟಬೇಕಾದರೆ ಬೇರೆಯೇ ರಜೆ ಬರೆಯಬೇಕು. ರಾತ್ರಿ ಕಾವಲು ಮುಗಿಸಿ ಬಂದವರನ್ನು ಮೊದಲು ಮಲಗಲು ಬಿಡಿ. ನಾನಂತೂ ಪಕ್ಕದಲ್ಲಿ ಕೂತು ನನ್ನ ಆಫೀಸ್ ಕೆಲಸ ಮುಗಿಸಿಕೊಳ್ಳುತ್ತೇನೆ. ಎದ್ದ ಮೇಲಿನ ಮನುಷ್ಯನೇ ಬೇರೆ!

ಉತ್ತರ 2

ಮೇಡಂ, ನಾನು ಆ ಕಡೆಯವನು, ಇನ್ನೂ ಸರ್ವಿಸ್‌ನಲ್ಲಿದ್ದೇನೆ. ಮೇಲಿನವರು ಹೇಳಿದ್ದು ಸರಿ, ಆದರೆ ಗೇಟಿನ ಒಳಗಿನ ಗೆಸ್ಟ್ ರೂಮ್‌ನಲ್ಲಿ ಉಳಿಯಬೇಡಿ. ಹತ್ತಿರ ಅನ್ನುವುದೇ ಅದರ ತೊಂದರೆ. ಕಣ್ಣಿಗೆ ಬಿದ್ದವನಿಗೇ ಕೆಲಸ ಹೇಳುತ್ತಾರೆ, ಸುಮ್ನೆ ಒಂದು ಸಹಿ ಅಂತ ಕರೆದು ಮಧ್ಯಾಹ್ನ ಮಾಡುತ್ತಾರೆ. ಆ ದೂರದ ಮಿತಿಯೊಳಗೇ, ಗೇಟಿನ ಹೊರಗೆ ಎಲ್ಲಾದರೂ ರೂಮ್ ಮಾಡಿ. ನಮಗೂ ಯೂನಿಫಾರ್ಮ್ ತಲೆಯಿಂದ ಇಳಿಯುತ್ತದೆ.

ಡ್ಯೂಟಿ ಬದಲಿ ಮಾಡಿಕೊಳ್ಳಬಹುದು. ಆದರೆ ಗೆಳೆಯ ಒಪ್ಪಿದರೆ ಸಾಲದು, ಮೇಲಿನವರೂ ಒಪ್ಪಬೇಕು. ಅದು ಸಾಲ ಕೂಡ. ಅವನ ಮನೆಯವರು ಬರುವ ವಾರ ನಿಮ್ಮವರು ಕಾವಲಿಗೆ ನಿಲ್ಲಬೇಕಾಗುತ್ತದೆ, ಆಗ ಮುಖ ಊದಿಸಿಕೊಳ್ಳಬೇಡಿ. ಮತ್ತೆ ಭಾನುವಾರ "ಇನ್ನೊಂದು ಗಂಟೆ ಇರಿ" ಅನ್ನಬೇಡಿ. ತಡವಾಗಿ ಹಾಜರಾದರೆ ಏಟು ಬೀಳುವುದು ಮುಂದಿನ ಪಾಸ್‌ಗೆ.

ಉತ್ತರ 3

ನನ್ನದು ಗೇಟಿನ ವಿಷಯ. ಒಳಗೆ ಹೋಗುವುದಿದ್ದರೆ ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಹೆಸರು ಮುಂಚೆ ಕೊಟ್ಟಿರಲಿ. ಗಾಡಿ ಒಯ್ದರೆ ಅದರ ನಂಬರನ್ನೂ ಕೊಡಿ. ಮದುವೆಗೆ ಮುಂಚಿನ ಹೆಸರು, ಆಮೇಲಿನ ಹೆಸರು ಬೇರೆ ಇದ್ದು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು.

ಇನ್ನೊಂದು, ಅವರು ಬರುವ ದಿನ, ಇರುವ ಜಾಗ ಎಲ್ಲೂ ಹಾಕಬೇಡಿ. ಅಲ್ಲಿ ವಾಕಿಂಗ್ ಹೋದರೆ ಹೆಜ್ಜೆ ಎಣಿಸುವ ಆ್ಯಪ್‌ನ ಲೊಕೇಶನ್ ಆಫ್ ಮಾಡಿ. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ಮ್ಯಾಪ್‌ನಲ್ಲಿ ಸೈನಿಕರು ಓಡಿದ ದಾರಿಗಳಿಂದಲೇ ಸೇನಾ ನೆಲೆಗಳ ಗುರುತು ಸಿಕ್ಕಿ ದೊಡ್ಡ ಸುದ್ದಿಯಾಗಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿಯ ಸರದಿ ಕೇಳಿದೆ, ಖಾಲಿ ವಾರ ಯಾವುದು ಅಂತ ಗೊತ್ತಾಯಿತು. ಯಾವುದು ಅಂತ ಇಲ್ಲಿ ಹೇಳುವುದಿಲ್ಲ! ರದ್ದು ಮಾಡಿದರೆ ಹಣ ವಾಪಸ್ ಬರುವ ಟಿಕೆಟ್ಟೇ ಮಾಡಿಸಿದ್ದೇನೆ. ಹೊರಗೆ ರೂಮ್ ನೋಡಿ ಅಂದಿದ್ದಕ್ಕೆ, "ಇದೆಲ್ಲ ಯಾರು ಹೇಳಿಕೊಟ್ಟರು?" ಅಂತ ಅವರಿಗೆ ಅನುಮಾನ. ಉತ್ತರ 2ರವರೇ, ನಿಮ್ಮದು ಅದೇ ಯೂನಿಟ್ ಅಲ್ಲ ತಾನೆ?