ಎಲ್ಡರ್‌ಬೆರಿ ಹಣ್ಣಿನ ಪಾಕ: ಹಸಿಯಾಗಿ ಬಳಸಬಹುದೇ, ಬೇಯಿಸಲೇಬೇಕೇ?

ಪ್ರಶ್ನೆ

ನೆಗಡಿ, ಜ್ವರಗಳಿಗೆ ಒದಗುವ ಮನೆಮದ್ದೆಂದು ಓದಿ ಹಿತ್ತಲಲ್ಲಿ ನೆಟ್ಟಿದ್ದ ಕಪ್ಪು ಎಲ್ಡರ್‌ಬೆರಿ ಗಿಡ ಈ ಸಲ ಮೊದಲ ಬಾರಿಗೆ ಕಾಯಿ ಹಿಡಿದಿದೆ. ಬೇಯಿಸಿದರೆ ಸತ್ವ ಹೋಗುತ್ತದೆ, ಆದ್ದರಿಂದ ಹಸಿ ರಸವನ್ನೇ ಕುಡಿಯಬೇಕು ಎಂದು ಕೆಲವರು ಬರೆಯುತ್ತಾರೆ. ಹಸಿ ಹಣ್ಣು ವಿಷವೆಂದು ಮತ್ತೆ ಕೆಲವರು ಎಚ್ಚರಿಸುತ್ತಾರೆ. ಮನೆಯಲ್ಲಿ ಎಳೆಯ ಮಗುವೂ ವಯಸ್ಸಾದವರೂ ಇರುವುದರಿಂದ ಈ ವಿಷಯದಲ್ಲಿ ಸಂಶಯ ಉಳಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಎಲೆ, ತೊಗಟೆಗಳನ್ನು ಕಷಾಯಕ್ಕೆ ಹಾಕಬಹುದೇ? ಗೊಂಚಲುಗಳು ವಿರಳವಾಗಿರುವುದಕ್ಕೆ ಕಾರಣವೇನಿರಬಹುದು?

ಉತ್ತರ 1

ಬೇಯಿಸಲೇಬೇಕು, ಇದರಲ್ಲಿ ಎರಡು ಅಭಿಪ್ರಾಯಗಳಿಗೆ ಅವಕಾಶವಿಲ್ಲ. ಈ ಗಿಡದ ಎಲೆ, ಕಾಂಡ, ಬೇರು, ಕಾಯಿ ಮತ್ತು ಬೀಜಗಳಲ್ಲಿ ಸ್ಯಾಂಬುನಿಗ್ರಿನ್ ಎಂಬ ಸಂಯುಕ್ತವಿದ್ದು, ಜಜ್ಜಿದಾಗ ಅಥವಾ ಅಗಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡು ಎಲ್ಡರ್‌ಬೆರಿಯ ಹಣ್ಣುಗಳನ್ನು ಎಲೆ, ರೆಂಬೆಗಳ ಸಮೇತ ಹಿಂಡಿ ರಸ ಕುಡಿದ ಒಂದು ಗುಂಪಿನವರು ವಾಂತಿ, ಹೊಟ್ಟೆನೋವು, ತಲೆಸುತ್ತುಗಳಿಂದ ಬಳಲಿದರು. ಅವರಲ್ಲಿ ಎಂಟು ಮಂದಿಯನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಎಲ್ಲರೂ ಚೇತರಿಸಿಕೊಂಡರಾದರೂ, ಎಲೆ ತೊಗಟೆಗಳ ಕಷಾಯದ ಯೋಚನೆಯನ್ನು ಕೈಬಿಡಲು ಇಷ್ಟೇ ಸಾಕು.

ಕಪ್ಪಗೆ ಮಾಗಿದ ಗೊಂಚಲುಗಳನ್ನು ಮಾತ್ರ ಕತ್ತರಿಸಿ, ಕೆಲವು ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದ ಹಣ್ಣುಗಳು ಅಲುಗಿಸಿದರೆ ಸಾಕು, ತೊಟ್ಟಿನಿಂದ ಉದುರುತ್ತವೆ. ಹಸಿರು ಕಾಯಿಗಳನ್ನೂ ಸಣ್ಣ ತೊಟ್ಟುಗಳನ್ನೂ ತಾಳ್ಮೆಯಿಂದ ಆರಿಸಿ ತೆಗೆಯಿರಿ, ಏಕೆಂದರೆ ಹೆಚ್ಚಿನವರು ಅವಸರಿಸುವುದು ಇಲ್ಲಿಯೇ. ಆಮೇಲೆ ನೀರು ಬೆರೆಸಿ, ಪಾತ್ರೆಯ ಮುಚ್ಚಳ ತೆರೆದಿಟ್ಟು, ಅರ್ಧ ಗಂಟೆಯಷ್ಟು ಚೆನ್ನಾಗಿ ಕುದಿಸಿ, ಬೀಜಗಳು ಬಾರದಂತೆ ಬಟ್ಟೆಯಲ್ಲಿ ಸೋಸಿ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುವಂಥದ್ದು. ಮುಚ್ಚಳ ತೆರೆದಿಡಬೇಕೆನ್ನುವುದು ಅದಕ್ಕಾಗಿ. ಹಣ್ಣಿನ ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್‌ಗಳು ಕುದಿಸಿದಾಗ ಸ್ವಲ್ಪ ಕಡಿಮೆಯಾಗುತ್ತವೆ ನಿಜ, ಆದರೆ ಆ ನಷ್ಟವನ್ನು ಒಪ್ಪಿಕೊಳ್ಳಲೇಬೇಕು.

ಉತ್ತರ 2

ಗಿಡದ ಬಗ್ಗೆ ಹೇಳುವುದಾದರೆ, ಒಂದೇ ಗಿಡವಿದ್ದರೆ ಕಾಯಿ ಕಡಿಮೆ ಕಚ್ಚುವುದು ಸಾಮಾನ್ಯ. ಹತ್ತಿರದಲ್ಲಿ ಬೇರೆ ತಳಿಯ ಇನ್ನೊಂದು ಗಿಡವಿದ್ದರೆ ಪರಾಗಸ್ಪರ್ಶ ಉತ್ತಮಗೊಂಡು ಗೊಂಚಲುಗಳು ತುಂಬಿಕೊಳ್ಳುತ್ತವೆ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಬುಡವನ್ನು ಅಗೆಯದೆ, ಒಣ ಎಲೆಗಳ ಹೊದಿಕೆ ಹಾಕಿ ತೇವ ಕಾಯ್ದುಕೊಳ್ಳಿ. ನೀರು ನಿಲ್ಲಲು ಮಾತ್ರ ಬಿಡಬೇಡಿ. ಎಲೆ ಉದುರಿ ಗಿಡ ವಿಶ್ರಾಂತಿಯಲ್ಲಿರುವಾಗ ಮೂರು ವರ್ಷ ದಾಟಿದ ಕಾಂಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿದರೆ, ಹೊಸ ಕಾಂಡಗಳಿಗೆ ಬೆಳಕು ಸಿಗುತ್ತದೆ. ಹಣ್ಣು ಕಪ್ಪಾಗುತ್ತಿದ್ದಂತೆ ಬಲೆ ಹೊದಿಸದಿದ್ದರೆ ಹಕ್ಕಿಗಳು ಒಂದನ್ನೂ ಉಳಿಸುವುದಿಲ್ಲ.

ಉತ್ತರ 3

ಪಾಕದಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದನ್ನೂ ಹೇಳಬೇಕೆನಿಸುತ್ತದೆ. 2004ರಲ್ಲಿ ಪ್ರಕಟವಾದ, ನಾರ್ವೆಯ 60 ಜನ ಫ್ಲೂ ರೋಗಿಗಳ ಪ್ರಯೋಗದಲ್ಲಿ ಎಲ್ಡರ್‌ಬೆರಿ ಸಿರಪ್ ಪಡೆದವರು ಸರಾಸರಿ ನಾಲ್ಕು ದಿನ ಮುಂಚೆ ಗುಣ ಕಂಡಿದ್ದರು. ಆದರೆ 2020ರಲ್ಲಿ ಅಮೆರಿಕದಿಂದ ಪ್ರಕಟವಾದ, 87 ರೋಗಿಗಳನ್ನೊಳಗೊಂಡ ಮತ್ತೊಂದು ಪ್ರಯೋಗದಲ್ಲಿ ಅಂಥ ಪ್ರಯೋಜನವೇನೂ ಕಾಣಲಿಲ್ಲ. ಹಾಗಾಗಿ ಇದನ್ನು ಗಂಟಲಿಗೆ ಹಿತವಾದ ಪಾಕವೆಂದು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಜ್ವರ ಏರುತ್ತಿರುವಾಗ ಇದನ್ನು ನಂಬಿ ವೈದ್ಯರ ಭೇಟಿಯನ್ನು ಮುಂದೂಡುವುದನ್ನು ಮಾತ್ರ ಖಂಡಿತ ಒಪ್ಪಲಾರೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಸೇವಿಸುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸೋಸಿದ ರಸಕ್ಕೆ ಜೇನುತುಪ್ಪ ಬೆರೆಸಿದರೆ ಅದನ್ನು ವರ್ಷವಿಡೀ ಕಪಾಟಿನಲ್ಲಿ ಇಡಬಹುದೇ?

ಉತ್ತರ 1

ಕಪಾಟಿನಲ್ಲಿ ಇಡಬೇಡಿ. ಎಲ್ಡರ್‌ಬೆರಿಯ ಹುಳಿ ಎಲ್ಲ ಗಿಡಗಳಲ್ಲೂ ಒಂದೇ ಸಮ ಇರುವುದಿಲ್ಲ. ಹುಳಿ ಸಾಲದ ರಸವನ್ನು ಬಾಟಲಿಯಲ್ಲಿ ಮುಚ್ಚಿ ಹೊರಗಿಟ್ಟರೆ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಒಂದು ವಾರಕ್ಕೆ ಬೇಕಾಗುವಷ್ಟನ್ನು ಫ್ರಿಜ್‌ನಲ್ಲಿಟ್ಟುಕೊಂಡು, ಉಳಿದುದನ್ನು ಸಣ್ಣ ಸಣ್ಣ ಪಾಲುಗಳಾಗಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ. ಇನ್ನು ಜೇನುತುಪ್ಪವನ್ನು ಒಂದು ವರ್ಷ ತುಂಬದ ಮಗುವಿಗೆ ಯಾವ ರೂಪದಲ್ಲೂ ಕೊಡಬಾರದು. ನಿಮ್ಮ ಮಗು ಆ ವಯಸ್ಸಿನದಾದರೆ ಈ ಪಾಕ ಅದಕ್ಕೆ ಬೇಡವೇ ಬೇಡ.