ಅಪ್ಪನ ಕಾಲುಬಾವು ವಾಸಿಯಾಗ್ತಿಲ್ಲ, ಬಯಾಪ್ಸಿಗೆ ಮುಂಚೆ ಏನು ಕೇಳಬೇಕು?

ಅಪ್ಪಂಗೆ 58. ಎರಡು ವರ್ಷದಿಂದ ಬಲಪಾದ ಊದಿದೆ, ನೋವಿಲ್ಲ. ಮೂರು ಕಡೆ ತೂತು ಬಿದ್ದು ಕೀವು ಸೋರುತ್ತೆ. ಒಂದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು. ಶುಗರ್ ಇಲ್ಲ. ಕೀವಿನ ಕಲ್ಚರ್ (ಲ್ಯಾಬಲ್ಲಿ ಕ್ರಿಮಿ ಬೆಳೆಸಿ ನೋಡೋದು) ಎರಡು ಸಲ, ಆಂಟಿಬಯಾಟಿಕ್ ನಾಲ್ಕು ಕೋರ್ಸ್ ಆಯ್ತು. ಈಗ ಬಯಾಪ್ಸಿ, ಅಂದರೆ ತುಂಡು ತೆಗೆದು ಪರೀಕ್ಷೆ, ಅಂತಿದ್ದಾರೆ. ಇಂಥದ್ದು ಕಂಡವರಿದ್ದರೆ ದಯವಿಟ್ಟು ಹೇಳಿ.

ಉತ್ತರ 1
ನಮ್ಮ ಮಾವನಿಗೂ ಹೀಗೇ ಆಗಿತ್ತು, ಸಿಂಧನೂರು ಕಡೆ ಗದ್ದೆ ಕೆಲಸ. ಜಾಲಿಮುಳ್ಳು ಚುಚ್ಚಿದ್ದು ಅವರಿಗೇ ಮರೆತುಹೋಗಿತ್ತು. ಮೂರು ವರ್ಷ ಬರೀ ಕೀವಿನ ಕಲ್ಚರ್‌ನಲ್ಲೇ ಕಳೀತು. ತೂತಿನ ಬಾಯಲ್ಲಿರೋ ಕೀವಿನಲ್ಲಿ ಚರ್ಮದ ಮೇಲಿನ ಮಾಮೂಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ರಿಪೋರ್ಟಲ್ಲಿ ಅದೇ ಬರುತ್ತೆ, ಮಾತ್ರೆನೂ ಅದಕ್ಕೇ ಬರೀತಾರೆ. ಒಳಗಿನ ರೋಗ ಹಾಗೇ ಉಳೀತು.

ಕೊನೆಗೆ ಒಬ್ಬ ಚರ್ಮದ ಡಾಕ್ಟರು, "ಕೀವಿನ ಜೊತೆ ಕಾಳು ಬರುತ್ತಾ?" ಅಂತ ಕೇಳಿದರು. ರಾತ್ರಿ ತೂತಿನ ಮೇಲೆ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಕಟ್ಟಿ, ಬೆಳಿಗ್ಗೆ ಅದನ್ನೇ ತರೋಕೆ ಹೇಳಿದರು. ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದರೆ ಬಟ್ಟೆಯ ಎಳೆಗಳಲ್ಲಿ ಗಸಗಸೆ ಗಾತ್ರದ ಆರೇಳು ಕಪ್ಪು ಕಾಳು! ಅಷ್ಟು ದಿನ ನಾವು ಅದನ್ನ ಮಣ್ಣು ಅಂತ ತೊಳೆದುಬಿಡ್ತಿದ್ವಿ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಅದು ಮೈಸಿಟೋಮ, ಮುಳ್ಳು ಚುಚ್ಚಿದಂಥ ಗಾಯದಿಂದ ಫಂಗಸ್ ಇಲ್ಲವೇ ಬ್ಯಾಕ್ಟೀರಿಯಾ ಒಳಹೊಕ್ಕು ಬರೋ ರೋಗ. ಮದುರೈ ಕಡೆ 1842ರಲ್ಲೇ ವರದಿಯಾಗಿದ್ದರಿಂದ ಮದುರಾ ಫೂಟ್ ಅಂತಲೂ ಕರೀತಾರೆ. ಕಾಳು ಅಂದರೆ ಆ ಕ್ರಿಮಿಗಳದ್ದೇ ಗುಂಪು; ಕಪ್ಪಿದ್ದರೆ ಸಾಮಾನ್ಯವಾಗಿ ಫಂಗಸ್. ಬಿಳಿ, ಹಳದಿ ಇದ್ದರೆ ಫಂಗಸ್ಸೂ ಆಗಬಹುದು, ಬ್ಯಾಕ್ಟೀರಿಯಾನೂ ಆಗಬಹುದು, ಮೈಕ್ರೋಸ್ಕೋಪಲ್ಲೇ ನೋಡಬೇಕು. ಎರಡಕ್ಕೂ ಔಷಧಿ ಬೇರೆಬೇರೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಉತ್ತರ 2
ಲ್ಯಾಬಲ್ಲಿ ಕೆಲಸ ಮಾಡ್ತೀನಿ. ಆಳದಿಂದ ತೆಗೆದ ತುಂಡನ್ನ ಎರಡು ಮಾಡೋಕೆ ಕೇಳಿ: ಒಂದು ಫಾರ್ಮಾಲಿನ್‌ಗೆ (ಮೈಕ್ರೋಸ್ಕೋಪಲ್ಲಿ ನೋಡೋಕೆ ತುಂಡು ಕೆಡದಂತೆ ಇಡೋ ದ್ರವ), ಇನ್ನೊಂದು ಕಲ್ಚರ್‌ಗೆ ಅಂತ ಸ್ಟೆರೈಲ್ ಸಲೈನ್‌ಗೆ. ಪೂರ್ತಿ ಫಾರ್ಮಾಲಿನ್‌ಗೆ ಹಾಕಿದರೆ ಕ್ರಿಮಿ ಸತ್ತುಹೋಗುತ್ತೆ, ಆಮೇಲೆ ಕಲ್ಚರ್ ಮಾಡೋಕೆ ಬರಲ್ಲ. ಚೀಟಿ ಮೇಲೆ 'ಫಂಗಸ್, ನೊಕಾರ್ಡಿಯಾ, ಟಿಬಿ' ಅಂತ ಬರೆಸಿ (ನೊಕಾರ್ಡಿಯಾ ಅನ್ನೋದು ಮೈಸಿಟೋಮ ತರೋ ಒಂದು ಬ್ಯಾಕ್ಟೀರಿಯಾ). ಇಲ್ಲದಿದ್ದರೆ ಮಾಮೂಲಿ ಕಲ್ಚರ್ ಅಂತ ಎರಡು ಮೂರು ದಿನಕ್ಕೇ ಮುಗಿಸಿಬಿಡಬಹುದು, ಇವು ಬೆಳೆಯೋಕೆ ವಾರಗಟ್ಟಲೆ ಬೇಕು. ಈಗ ಆಂಟಿಬಯಾಟಿಕ್ ನಡೀತಿದ್ದರೆ, ಬಯಾಪ್ಸಿಗೆ ಮುಂಚೆ ನಿಲ್ಲಿಸಬೇಕಾ ಅಂತ ಡಾಕ್ಟರನ್ನ ಕೇಳಿ, ನೀವಾಗೇ ನಿಲ್ಲಿಸಬೇಡಿ.

ಉತ್ತರ 3
ಕಾಳು ಸಿಗಲಿಲ್ಲ ಅಂತ ಸುಮ್ಮನಾಗಬೇಡಿ. ಅಮ್ಮಂಗೆ ಇಂಜೆಕ್ಷನ್ ಹಾಕಿದ ಜಾಗದಲ್ಲಿ ಗಂಟಾಗಿ ತಿಂಗಳುಗಟ್ಟಲೆ ಸೋರ್ತಿತ್ತು, ಒಂದು ಕಾಳೂ ಇರಲಿಲ್ಲ. ಟಿಬಿ ಜಾತಿಯದೇ ಬೇರೆ ಮೈಕೋಬ್ಯಾಕ್ಟೀರಿಯಾ ಅಂತ ತುಂಡಿನ ಕಲ್ಚರಲ್ಲೇ ಗೊತ್ತಾಗಿದ್ದು. ಅಂದ ಹಾಗೆ, ಪಾದದ ಎಕ್ಸ್‌ರೇ ಆಗಿದೆಯಾ? ಮೂಳೆಗೆ ಇಳಿದಿದೆಯಾ ಅಂತ ನೋಡಬೇಕು.