ಸಹಾಯ ಬೇಕು: ಹಳೇ ಬೀರುವಿಗೆ ಅಚ್ಚ ಹಿತ್ತಾಳೆ ಹಿಂಜಸ್ ತುಮಕೂರಲ್ಲಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಜ್ಜಿ ಕಾಲದ ತೇಗದ ಬೀರು ಇದೆ. ಮರ ಇನ್ನೂ ಗಟ್ಟಿಮುಟ್ಟಾಗಿದೆ, ಹುಳ ಹಿಡಿದಿಲ್ಲ. ಎಡಗಡೆ ಬಾಗಿಲಿನ ಮೇಲಿನ ಹಿಂಜಸ್ ಮಾತ್ರ ಸವೆದು ಸೀಳಿದೆ. ಬಾಗಿಲು ಜೋತುಬಿದ್ದು ಕೆಳಗಿನ ಪಟ್ಟಿಗೆ ಉಜ್ಜುತ್ತಿದೆ.

ಬೇಕಿರುವುದು 3 ಇಂಚು ಉದ್ದದ್ದು, ನಡುವಿನ ಕಡ್ಡಿ ಎಳೆದರೆ ಆಚೆ ಬರುವಂಥದ್ದು. ಮಂಡಿಪೇಟೆ ಕಡೆ ಕೇಳಿದೆ. ತೋರಿಸಿದ್ದೆಲ್ಲ ಕಬ್ಬಿಣದ ಮೇಲೆ ಹಿತ್ತಾಳೆ ಲೇಪ. ಅಯಸ್ಕಾಂತ ಹಿಡಿದರೆ ಪಟ್ಟಂತ ಅಂಟಿಕೊಳ್ಳುತ್ತದೆ. ಲೇಪ ಹೋದ ಮೇಲೆ ತುಕ್ಕು ತಾನೇ? ಪ್ಲೈವುಡ್ ಕಪಾಟಿಗೆ ಹಾಕುವ ಈಗಿನ ಹಿಂಜಸ್ ಕೂಡ ಬೇಡ. ಅದಕ್ಕೆ ಬಾಗಿಲಲ್ಲಿ 35 ಮಿಲಿಮೀಟರ್ ಗುಂಡಿ ಕೊರೆಯಬೇಕು. ಅಂಥ ಮರವನ್ನು ಸುಮ್ನೆ ಕೊರೆಯಲು ಮನಸ್ಸು ಬರುವುದಿಲ್ಲ.

ಸ್ಕ್ರೂ ಕೂಡ ಹಿತ್ತಾಳೆಯದೇ ಆಗಬೇಕು, ತಲೆಯಲ್ಲಿ ಒಂದೇ ಗೀರು ಇರುವಂಥದ್ದು. ಹಿತ್ತಾಳೆ ಮೆತ್ತಗೆ, ಗಟ್ಟಿ ಮರದಲ್ಲಿ ತಲೆ ಮುರಿದುಹೋಗುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಆಮೇಲೆ ಮೇಣ ಸವರಿ ಹಿತ್ತಾಳೆಯದನ್ನು ಕೂರಿಸುವ ತಾಳ್ಮೆ ಇರುವ ಆಚಾರ್ರು ಯಾರಾದರೂ ಇದ್ದರೆ ಹೇಳಿ. ಕೂಲಿ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಹಳೇ ಮನೆ ಕೆಡವಿದ ಸಾಮಾನು ಮಾರುವವರು ಗುಬ್ಬಿ, ಶಿರಾ, ಕ್ಯಾತಸಂದ್ರ ಕಡೆ ಇದ್ದಾರಾ? ಅಲ್ಲಿ ಒಂದು ಜೋಡಿ ಸಿಕ್ಕರೂ ಸಾಕು. ನಾಗಮಂಗಲದ ಎರಕದವರ ಹತ್ತಿರ ಮಾದರಿ ಕೊಟ್ಟು ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ, ಒಂದೇ ಜೋಡಿಗೂ ಒಪ್ಪುತ್ತಾರಾ? ಫೋಟೋ, ಅಳತೆ ಕೇಳಿದವರಿಗೆ ಕಳಿಸುತ್ತೇನೆ.